ಮುಂದಿನ ವರ್ಷದ ಮೆಗನ್

ಜರ್ಲೀನ್ ಮ್ಯಾಪ್‌ಳ ಕೆಲಸ ಕಿತ್ತುಕೊಂಡದ್ದು ಅವಳದೇ ದನಿ.

ಅಟ್ಲಾಂಟಾದ ದಕ್ಷಿಣಕ್ಕೆ, ವಿಮಾನಗಳು ಮನೆಗಳ ಸೂರು ಸವರಿಕೊಂಡು ಇಳಿಯುವ ಕಡೆ, ಮುಚ್ಚಿಹೋದ ಒಂದು ಸೋಫಾ ಅಂಗಡಿಯ ಕಟ್ಟಡದಲ್ಲಿ ಆ ಕಾಲ್ ಸೆಂಟರ್ ಇತ್ತು. ದೇಶದ ಯಾವ ಮೂಲೆಯಲ್ಲಿ ಯಾರ ಮನೆಯ ಫ್ರಿಜ್ಜು ಕೆಟ್ಟರೂ ಕರೆ ಅಲ್ಲಿಗೆ ಬರುತ್ತಿತ್ತು. ಫ್ರಿಜ್ಜು ಕೆಟ್ಟವರು ಬಯ್ಯುತ್ತಾರೆ. ಐಸ್‌ಕ್ರೀಮು ಕರಗಿದವನು ಬಯ್ಯುತ್ತಾನೆ. ಮಾಂಸ ನಾರಿದವಳು ಇನ್ನೂ ಕೆಟ್ಟದಾಗಿ ಬಯ್ಯುತ್ತಾಳೆ. ಬೈಸಿಕೊಳ್ಳುವುದೇ ಅಲ್ಲಿನ ಕೆಲಸ. ಜರ್ಲೀನ್ ಹನ್ನೊಂದು ವರ್ಷ ಬೈಸಿಕೊಂಡಳು.

ಸೇರಿದ ದಿನವೇ ಸೂಪರ್‌ವೈಸರ್ ಡ್ವೈಟ್ ಅವಳ ಹೆಸರು ತೆಗೆದ.

"ಜರ್ಲೀನ್ ಅಂದ್ರೆ ಗಿರಾಕಿಗಳಿಗೆ ನಾಲಿಗೆ ಹೊರಳಲ್ಲ. ಇವತ್ತಿಂದ ನೀನು ಮೆಗನ್. ಮತ್ತೆ ನಿಮ್ಮ ಕೇರಿ ಮಾತು ಇದ್ಯಲ್ಲ, ಅದನ್ನ ಹೊರಗಡೆ ಬಿಟ್ಟು ಒಳಗೆ ಬಾ."

ಅವಳಿಗೆ ಅದು ಹೊಸದೇನಲ್ಲ. ಅವಳ ತಾಯಿ ಬ್ಯಾಂಕಿನವರ ಹತ್ತಿರ, ಮನೆ ಮಾಲೀಕನ ಹತ್ತಿರ, ಕಾರು ತಡೆದ ಪೊಲೀಸನ ಹತ್ತಿರ ಬೇರೆಯೇ ಒಂದು ದನಿ ಹಾಕುತ್ತಿದ್ದಳು. ಮೂಗು ಸ್ವಲ್ಪ ಎತ್ತಿ, ಮಾತಿಗೆ ಇಸ್ತ್ರಿ ಮಾಡಿದಂಥ ದನಿ. ಕರಿಯರ ಮನೆಗಳಲ್ಲಿ ಅದು ಪೆಟ್ಟಿಗೆಯಲ್ಲಿಟ್ಟ ಒಳ್ಳೆಯ ಬಟ್ಟೆ. ಬೇಕಾದಾಗ ತೆಗೆದು ಹಾಕಿಕೊಳ್ಳುವುದು, ಮನೆಗೆ ಬಂದು ಬಿಚ್ಚುವುದು. ಜರ್ಲೀನ್ ಅದನ್ನು ದಿನವಿಡೀ ಹಾಕಿಕೊಂಡಳು. ಗಿರಾಕಿಗಳು ಮೆಗನ್‌ಳನ್ನು ಮೆಚ್ಚಿದರು. ಟೆಕ್ಸಾಸಿನ ಒಬ್ಬ ಮುದುಕ ಅವಳಿಗೆ ಮದುವೆಯಾಗಿದೆಯೇ ಎಂದು ಕೇಳಿದ. ಇನ್ನೊಬ್ಬ, "ನಿಮ್ಮಂಥ ಹುಡುಗಿ ಸಿಕ್ಕಿದ್ದು ಪುಣ್ಯ. ಹೋದ ಸಲ ಯಾರೋ ಕರಿಯಳು ಸಿಕ್ಕಿದ್ದಳು" ಎಂದ. ಮೆಗನ್ ಅವನ ತಾಳ್ಮೆಗೆ ಧನ್ಯವಾದ ಹೇಳಿದಳು.

ಕುರ್ಚಿಯಿಂದ ಎದ್ದರೆ ಪರದೆಯ ಮೂಲೆಯಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಪಾಳಿಗೆ ಎರಡು ಸಲ ಟಾಯ್ಲೆಟ್. ಮೂರನೆಯ ಸಲ ಎದ್ದರೆ ಡ್ವೈಟ್ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಜರ್ಲೀನ್‌ಳ ಕಿಡ್ನಿಗೆ ಸೋಂಕು ಹತ್ತಿತು. ವಾಸಿಯಾಯಿತು, ಮತ್ತೆ ಬಂತು. ಒಂದು ದಿನ ತಡೆಯಲಾಗದೆ ಕರೆಯನ್ನು ಹೋಲ್ಡ್‌ನಲ್ಲಿಟ್ಟು, ಕೇರಿ ಮಾತಿನಲ್ಲೇ ಡ್ವೈಟನನ್ನು ಅಂಗಲಾಚಿದಳು. ಅವನು ಗೋಡೆಯ ಗಡಿಯಾರ ತೋರಿಸಿದ. ಅವಳು ತಿರುಗಿ ಕರೆ ಎತ್ತಿಕೊಂಡಳು. ಕುರ್ಚಿಯಲ್ಲೇ ಆಯಿತು. ಮೇಲೆ ಮೆಗನ್ ಮಾತಾಡುತ್ತಿದ್ದಳು. ಕೆಳಗೆ ಜರ್ಲೀನ್ ಒದ್ದೆಯಾಗುತ್ತಿದ್ದಳು. ಮೆಗನ್ ಒಂದು ಅಕ್ಷರವನ್ನೂ ತಡವರಿಸಲಿಲ್ಲ.

ಪಕ್ಕದ ಕುರ್ಚಿಯ ಟೋನೆಟ್ ತನ್ನ ಸ್ವೆಟರ್ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದಳು. ಆ ಬಗ್ಗೆ ಇಬ್ಬರೂ ಯಾವತ್ತೂ ಮಾತಾಡಲಿಲ್ಲ.

ಪ್ರತಿ ಕರೆಯ ಮೊದಲು ಜರ್ಲೀನ್ ಒಂದು ವಾಕ್ಯ ಹೇಳಬೇಕಿತ್ತು: ಈ ಕರೆಯನ್ನು ಗುಣಮಟ್ಟಕ್ಕಾಗಿ ಧ್ವನಿಮುದ್ರಿಸಲಾಗುತ್ತಿದೆ. ಯಾರ ಗುಣಮಟ್ಟ ಎಂದು ಅವಳು ಕೇಳಿರಲಿಲ್ಲ. ಈ ಮಾರ್ಚಿನಲ್ಲಿ ಗೊತ್ತಾಯಿತು. ಗ್ರೇಡನ್ ಪೆಲ್ ಎಂಬ ಯುವಕನ ಕಂಪನಿ ಕಾಲ್ ಸೆಂಟರನ್ನು ಕೊಂಡಿತು. ಕುರ್ಚಿ, ಮೇಜು, ಹೆಂಗಸರು ಯಾವುದೂ ಅವನಿಗೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಹನ್ನೊಂದು ವರ್ಷದ ಧ್ವನಿಮುದ್ರಣ. ಅದನ್ನು ಕಂಪ್ಯೂಟರಿಗೆ ತಿನ್ನಿಸಿ ಕರೆಗಳಿಗೆ ತಾನೇ ಉತ್ತರಿಸುವ ಯಂತ್ರ ಮಾಡಿದರು. ಯಂತ್ರಕ್ಕೆ ಮೆಗನ್ ಎಂದೇ ಹೆಸರು. ಪರದೆಯ ಮೇಲೆ ಅದಕ್ಕೊಂದು ಮುಖವನ್ನೂ ಬರೆದರು. ಹೊಂಗೂದಲು, ನೀಲಿ ಕಣ್ಣು, ಇಪ್ಪತ್ತೈದರ ಪ್ರಾಯ. ಹೆಂಗಸರನ್ನೆಲ್ಲ ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ಕೆಲಸದ ಜೊತೆ ಆರೋಗ್ಯದ ಇನ್ಶೂರೆನ್ಸೂ ಹೋಯಿತು. ಜರ್ಲೀನ್‌ಳ ಕಿಡ್ನಿ ಅವಳಲ್ಲೇ ಉಳಿಯಿತು.

ಆಮೇಲೆ ಅವಳು ವಿಮಾನ ನಿಲ್ದಾಣದ ಬಾಡಿಗೆ ಕಾರುಗಳನ್ನು ತೊಳೆಯುವ ಕೆಲಸಕ್ಕೆ ಸೇರಿದಳು. ಐವತ್ತನಾಲ್ಕರ ಮಂಡಿ ಊರಿ, ಸೀಟಿನ ಸಂದಿಗೆ ಕೈ ತೂರಿಸಿ, ಕಂಡವರ ಮಕ್ಕಳು ಉಗಿದ ಆಲೂಗಡ್ಡೆ ತುಣುಕು ತೆಗೆಯುವುದು. ಬೆನ್ನು ಸುಡುತ್ತಿತ್ತು. ಆದರೆ ಟಾಯ್ಲೆಟ್ಟಿಗೆ ಹೋದರೆ ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಟಾಯ್ಲೆಟ್ಟೇ ಬಲು ದೂರ.

ಅಕ್ಟೋಬರಿನ ಒಂದು ದಿನ ಕಾರೊಂದರ ಡಿಕ್ಕಿಯೊಳಗೆ ಬಗ್ಗಿದ್ದಾಗ ಫೋನು ಬಂತು. ಪೆಲ್‌ನ ಕಂಪನಿಯ ಹುಡುಗಿ, ಹೆಸರು ಕೆಂಡಲ್. ಸಭೆ ಸಮಾರಂಭ ನೋಡಿಕೊಳ್ಳುವವಳು.

"ಹಲೋ, ನೀವು ಮೆಗನ್ ಅಲ್ವಾ?"

"ಆಗಿದ್ದೆ. ಈಗ ಕಾರ್ ತೊಳೀತೀನಿ."

ಕೆಂಡಲ್ ಉಸಿರು ಬಿಡದೆ ಹೇಳಿದ್ದು ಇಷ್ಟು. ನಾಳೆ ಪಟ್ಟಣದ ದೊಡ್ಡ ಸಭಾಭವನದಲ್ಲಿ ಮೇಳ. ಮುಂದಿನ ವರ್ಷ ವ್ಯಾಪಾರದ ಲೋಕದಲ್ಲಿ ಕಂಪ್ಯೂಟರು ಎತ್ತ ಹೊರಳುತ್ತದೆ ಎಂದು ತೋರಿಸುವ ಮೇಳ. ಪೆಲ್‌ನದೇ ಮುಖ್ಯ ಭಾಷಣ. ಭಾಷಣದಲ್ಲಿ ಮೆಗನ್ ಜನರ ಮುಂದೆ ಮಾತಾಡಬೇಕು. ಹೊಸ ವರ್ಷಕ್ಕೆಂದು ಮೆಗನ್‌ಗೆ ಹೊಸ ಬುದ್ಧಿ ತುಂಬಿದ್ದರು. ತುಂಬಿದಾಗಿನಿಂದ ಅದು ಕ್ಷಮೆ ಕೇಳುವುದನ್ನು ನಿಲ್ಲಿಸುತ್ತಿಲ್ಲ. ಗಂಟೆ ಎಷ್ಟು ಎಂದರೂ ಕ್ಷಮಿಸಿ. ನಿನ್ನ ಹೆಸರೇನು ಎಂದರೂ ವಿಷಾದಿಸುತ್ತೇನೆ.

ಜರ್ಲೀನ್‌ಗೆ ನಗು ಬಂತು. ಹನ್ನೊಂದು ವರ್ಷ ಅವಳು ಆಡಿದ್ದರಲ್ಲಿ ಮುಕ್ಕಾಲು ಅದೇ. ಯಂತ್ರ ಕಲಿತದ್ದನ್ನು ಹೇಳುತ್ತಿತ್ತು.

"ಒಂದೇ ದಿನ, ಮಿಸ್ ಜರ್ಲೀನ್. ನೀವು ಒಳಗೆ ಕೂತು ಮೆಗನ್ ಥರ ಮಾತಾಡಿದ್ರೆ ಸಾಕು. ಆಮೇಲೆ ಖಾಯಂ ಕೆಲಸ ಕೊಡೋಕೆ ಗ್ರೇಡನ್ ಒಪ್ಪಿದ್ದಾರೆ. ಇನ್ಶೂರೆನ್ಸ್ ಸಮೇತ."

ಆ ಕೊನೆಯ ಮಾತಿಗೆ ಅವಳ ಕೈ ಬಲಗಡೆಯ ಪಕ್ಕೆಗೆ ತಾನಾಗಿ ಹೋಯಿತು.

ಮರುದಿನ ಬೆಳಗ್ಗೆ ಟೋನೆಟ್ ಕಾರಿನಲ್ಲಿ ಕರೆದುಕೊಂಡು ಹೋದಳು. ಟೋನೆಟ್ ಈಗ ಕೋಳಿ ರೆಕ್ಕೆ ಕರಿಯುವ ಅಂಗಡಿಯಲ್ಲಿದ್ದಳು. ಅವಳ ಕಾರೂ ಎಣ್ಣೆ, ನಿಂಬೆ, ಮೆಣಸಿನ ವಾಸನೆ ಹೊಡೆಯುತ್ತಿತ್ತು.

"ಮೊದ್ಲು ನಿನ್ ದನಿ ಕದ್ರು," ಎಂದಳು ಟೋನೆಟ್. "ಈಗ ಕದ್ದ ಮಾಲು ಕೆಟ್ಟೋಯ್ತು ಅಂತ ರಿಪೇರಿಗೂ ನಿನ್ನೇ ಕರೀತಾವ್ರೆ. ವಾರಂಟಿ ಐತಾ ಕೇಳೆ."

"ಇನ್ಶೂರೆನ್ಸ್ ಕೊಡ್ತಾರಂತೆ ಕಣೆ."

"ಕೊಡ್ತಾರೆ, ಕೊಡ್ತಾರೆ. ಡ್ವೈಟ್ ನನಗೆ ಕಿಟಕಿ ಪಕ್ಕದ ಸೀಟ್ ಕೊಡ್ತೀನಿ ಅಂದಿದ್ದ."

"ಆ ಕಟ್ಟಡಕ್ಕೆ ಕಿಟಕಿನೇ ಇರ್ಲಿಲ್ವಲ್ಲೇ."

"ಅದೇ ಮತ್ತೆ."

ಭವನದ ಮುಂಬಾಗಿಲಲ್ಲಿ ಎರಡಾಳೆತ್ತರದ ಬಟ್ಟೆ: ಮುಂದಿನ ವರ್ಷ ಇಂದೇ ಬಂದಿದೆ. ಜರ್ಲೀನ್‌ಳನ್ನು ಕೆಂಡಲ್ ಹಿಂದಿನಿಂದ, ಲಾರಿಗಳು ಸರಕು ಇಳಿಸುವ ಕಡೆಯಿಂದ ಒಳಗೆ ಕರೆದೊಯ್ದಳು. ಕೊರಳಿಗೆ ಒಂದು ಬಿಲ್ಲೆ ತೊಡಿಸಿದಳು. ಭಾಷಣಕಾರರಿಗೆ ನೀಲಿ, ಅಂಗಡಿಯವರಿಗೆ ಹಸಿರು, ಗಿರಾಕಿಗಳಿಗೆ ಬಂಗಾರದ ಬಣ್ಣ. ಜರ್ಲೀನ್‌ಳದು ಬೂದು. ಅದರ ಮೇಲೆ "ಸಲಕರಣೆ" ಎಂದಿತ್ತು.

"ಬೇರೆ ಯಾವುದೂ ಉಳಿದಿರ್ಲಿಲ್ಲ," ಎಂದಳು ಕೆಂಡಲ್. ಅವಳ ಕಿವಿ ಕೆಂಪಾಗಿತ್ತು. ಅಷ್ಟರ ಮಟ್ಟಿಗೆ ಒಳ್ಳೆಯ ಹುಡುಗಿ.

ಮಳಿಗೆಗಳ ನಡುವೆ ನಡೆದರು. ಒಂದು ಕಡೆ ಮುಖ ನೋಡಿ ಬಾಗಿಲು ತೆರೆಯುವ ಬೀಗ ಇತ್ತು. ಅದು ಕೆಂಡಲ್‌ಗೆ ತೆರೆಯಿತು, ಜರ್ಲೀನ್‌ಗೆ ತೆರೆಯಲಿಲ್ಲ. ಇನ್ನೊಂದು ಕಡೆ ಪತ್ರ ಬರೆಯುವ ಯಂತ್ರ. ಎದುರು ಮಳಿಗೆಯಲ್ಲಿ ಆ ಪತ್ರವನ್ನು ಓದಿ ಸಾರಾಂಶ ಹೇಳುವ ಯಂತ್ರ. ಇವೆರಡರ ನಡುವೆ ಮ್ಯಾನೇಜರನೇ ಬೇಕಾಗಿಲ್ಲ ಎಂಬುದನ್ನು ಅಲ್ಲಿ ನೆರೆದ ಮ್ಯಾನೇಜರುಗಳು ಗಮನಿಸಿದಂತಿರಲಿಲ್ಲ. ಮೂಲೆಯಲ್ಲೊಂದು ಯಂತ್ರ ನೌಕರರ ಮುಖ ನೋಡಿ ಅವರು ಸಂತೋಷವಾಗಿದ್ದಾರೋ ಇಲ್ಲವೋ ಹೇಳುತ್ತಿತ್ತು. ಅದರ ಮುಂದೆ ನಿಂತ ಮಾರಾಟದ ಹುಡುಗ ಬೆಳಗಿನಿಂದ ಹಲ್ಲು ಬಿಟ್ಟುಕೊಂಡೇ ಇದ್ದ.

ವೇದಿಕೆಯ ಹಿಂದೆ, ದೊಡ್ಡ ಪರದೆಯ ಬೆನ್ನಿಗೆ, ಹಲಗೆಯಿಂದ ಒಂದು ಗೂಡು ಮಾಡಿದ್ದರು. ಬೀರುವಿನಷ್ಟಿತ್ತು. ಒಳಗೊಂದು ಸ್ಟೂಲು, ಸಣ್ಣದೊಂದು ಟೀವಿ, ಕಿವಿಗೆ ಹಾಕುವ ಮೈಕು. ವೈರಿಲ್ಲದ್ದು.

"ನೀವು ಏನ್ ಮಾತಾಡ್ತೀರೋ ಪರದೆ ಮೇಲೆ ಅವಳ ತುಟಿ ಹಾಗೇ ಆಡುತ್ತೆ," ಎಂದಳು ಕೆಂಡಲ್. "ಕೆಮ್ಮಬೇಡಿ. ನೀರು ಇಟ್ಟಿಲ್ಲ, ಯಾಕಂದ್ರೆ ಕುಡಿದ್ರೆ..."

"ಗೊತ್ತು."

"ಮಧ್ಯಾಹ್ನ ಸಭೆ ಖಾಲಿಯಾಗೋವರೆಗೆ ಹೊರಗೆ ಬರೋ ಹಾಗಿಲ್ಲ. ಯಾರಾದ್ರೂ ನೋಡಿದ್ರೆ ಕಷ್ಟ."

"ಟಾಯ್ಲೆಟ್?"

"ಇಲ್ಲೇ ಹಿಂದೆ ಇದೆ. ಆದ್ರೆ ಈಗ ಬೇಡ. ಪ್ಲೀಸ್."

ಗ್ರೇಡನ್ ಪೆಲ್ ಬಂದ. ಬೆಲೆಬಾಳುವ ಬಿಳಿ ಬೂಟು, ಬೇಕೆಂದೇ ಮಾಸಲು ಮಾಡಿದ ಪ್ಯಾಂಟು. ಗೂಡಿನೊಳಗೆ ಇಣುಕಿದ. ಜರ್ಲೀನ್‌ಳ ಮುಖ ನೋಡಲಿಲ್ಲ. ಮೈಕು ನೋಡಿದ.

"ಮೆಗನ್, ಏನಾದರೂ ಹೇಳು."

"ನಮಸ್ಕಾರ, ನಾನು ಮೆಗನ್. ತಮಗೆ ಹೇಗೆ ಸಹಾಯ ಮಾಡಲಿ?"

"ಚೆನ್ನಾಗಿದೆ. ದನಿ ಸ್ವಲ್ಪ ಹಳೇದಾಗಿದೆ. ಸರಿ ಮಾಡ್ಕೋ." ಕೆಂಡಲ್ ಕಡೆ ತಿರುಗಿ, "ಇದು ಮಧ್ಯಾಹ್ನದವರೆಗೆ ಬಾಳುತ್ತಾ?" ಎಂದ.

ಬಾಗಿಲು ಮುಚ್ಚಿದರು. ಚಿಲಕ ಹೊರಗಿತ್ತು. ಹಾಕಲಿಲ್ಲ. ಹಾಕುವ ಅಗತ್ಯವಿದೆ ಎಂದು ಯಾರಿಗೂ ಅನ್ನಿಸಲಿಲ್ಲ.

ಬೆಳಗಿನ ಹೊತ್ತು ಜನ ಬಂದು ಪರದೆಯ ಮುಂದೆ ನಿಂತು ಮೆಗನ್‌ಳನ್ನು ಪರೀಕ್ಷಿಸಿದರು. ಮುಂದಿನ ವರ್ಷ ಹತ್ತಿ ಬೆಲೆ ಏರುತ್ತದೆಯೇ ಎಂದು ಒಬ್ಬ ಕೇಳಿದ. ನನ್ನ ಹೆಂಡತಿಗೆ ಏನು ಉಡುಗೊರೆ ಕೊಡಲಿ ಎಂದು ಇನ್ನೊಬ್ಬ. ಮೂರನೆಯವನು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, ನಿನ್ನ ಮೈಮೇಲೆ ಏನಿದೆ ಎಂದ. ಜರ್ಲೀನ್ ಎಲ್ಲಕ್ಕೂ ಇಸ್ತ್ರಿ ಮಾಡಿದ ಉತ್ತರ ಕೊಟ್ಟಳು. ಗೂಡಿನಲ್ಲಿ ಗಾಳಿ ಇರಲಿಲ್ಲ. ಮಂಡಿ ಎದುರಿನ ಹಲಗೆಗೆ ಒತ್ತುತ್ತಿತ್ತು. ಪಕ್ಕೆಯಲ್ಲಿ ನೋವು ನಿಧಾನಕ್ಕೆ ಬೆನ್ನಿಗೆ ಹಬ್ಬಿತು. ಕಿಬ್ಬೊಟ್ಟೆ ಕಲ್ಲಾಯಿತು.

ಭಾಷಣ ಶುರುವಾಯಿತು. ಸಣ್ಣ ಟೀವಿಯಲ್ಲಿ ಅವಳಿಗೆ ವೇದಿಕೆಯೂ ಮುಂದಿನ ಸಾಲೂ ಕಾಣುತ್ತಿದ್ದವು. ಬಂಗಾರದ ಬಿಲ್ಲೆಯವರು ಮುಂದೆ ಕೂತಿದ್ದರು. ಕೊಳ್ಳುವವರು.

ಪೆಲ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಮುಂದಿನ ವರ್ಷವನ್ನು ಬಣ್ಣಿಸಿದ. ಲೆಕ್ಕಪತ್ರವೆಲ್ಲ ಕ್ಲೌಡ್ ಎಂಬ ಮೋಡಕ್ಕೆ ಹೋಗುತ್ತದಂತೆ. ತೀರ್ಮಾನವೆಲ್ಲ ಯಂತ್ರಕ್ಕೆ ಹೋಗುತ್ತದಂತೆ. ಆಫೀಸು ಎಂಬುದು ಜಾಗವಲ್ಲ, ಒಂದು ಭಾವನೆಯಂತೆ. "ಕೆಲಸಗಾರರಿಲ್ಲದ ಕೆಲಸ," ಎಂದು ಹೇಳಿ ನಿಂತ. ಪರದೆಯ ಮೇಲೆ ಮೂಡಿದ ಆ ಮಾತನ್ನು ಎಲ್ಲರೂ ಫೋಟೋ ತೆಗೆದುಕೊಂಡರು. ಕೆಲಸಗಾರರಿಲ್ಲದೆ ಆ ಫ್ರಿಜ್ಜು ಕೊಳ್ಳುವವರು ಯಾರು ಎಂದು ಒಬ್ಬನೂ ಕೇಳಲಿಲ್ಲ. ಊಟದ ಹೊತ್ತು ಹತ್ತಿರವಾಗಿತ್ತು.

"ನಾವು ಈ ವ್ಯಾಪಾರ ಕೊಂಡಾಗ ಹೇಗಿತ್ತು ಗೊತ್ತಾ?" ಎಂದ ಪೆಲ್. "ಒಂದು ಹಾಲ್ ತುಂಬ ಹೆಂಗಸರು. ದಿನಾ ಯಾರಿಗಾದ್ರೂ ತಲೆನೋವು. ದಿನಾ ಯಾರದ್ದಾದ್ರೂ ಅಜ್ಜಿ ಸಾಯ್ತಿದ್ದಳು. ನನ್ನ ಮಾತು ನಂಬಬೇಡಿ. ಕೇಳಿ. ಇದು ನಿಜವಾದ ಕರೆ. ಗಿರಾಕಿ ಹೋಲ್ಡ್‌ನಲ್ಲಿ ಕಾಯ್ತಾ ಇದ್ದಾನೆ."

ದೊಡ್ಡ ಸ್ಪೀಕರಿನಿಂದ ಒಂದು ಹೆಂಗಸಿನ ದನಿ ಬಂತು.

"ಡ್ವೈಟ್ ಸಾರ್, ನಿಮ್ ದಮ್ಮಯ್ಯ ಅಂತೀನಿ ಸಾರ್. ತಡ್ಕೊಳಕ್ ಆಯ್ತಿಲ್ಲ. ಎಲ್ಡೇ ನಿಮಿಷ ಸಾರ್. ಓಡೋಗಿ ಓಡ್ ಬತ್ತೀನಿ. ಬಿಡಿ ಸಾರ್. ಸಾರ್, ಆಗೋಯ್ತದೆ ಸಾರ್."

ಸಭೆ ನಕ್ಕಿತು. ಆ ನಗುವಿನಲ್ಲಿ ದ್ವೇಷ ಇರಲಿಲ್ಲ. ಊಟಕ್ಕೆ ಮುಂಚಿನ ಹಗುರ ನಗು. ಮುಂದಿನ ಸಾಲಿನ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ಜರ್ಲೀನ್ ತನ್ನ ದನಿಯನ್ನು ಆ ಬಗೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಮೊದಲು ಗುರುತೇ ಸಿಗಲಿಲ್ಲ. ಯಾರೋ ಪಾಪದವಳು ಎಂದುಕೊಂಡಳು. ಆಮೇಲೆ ತೊಡೆಯ ಕೆಳಗೆ ಆವತ್ತಿನ ಬಿಸಿ ಮತ್ತೆ ಹರಿದಂತಾಯಿತು. ಕೈಯಿಂದ ಸ್ಟೂಲು ಮುಟ್ಟಿ ನೋಡಿಕೊಂಡಳು. ಒಣಗಿತ್ತು.

"ಇದು ಹಿಂದಿನ ವರ್ಷ," ಎಂದ ಪೆಲ್. "ಈಗ ಮುಂದಿನ ವರ್ಷ ಕೇಳಿ. ಮೆಗನ್, ನಿನಗೆ ವಿರಾಮ ಬೇಕಾ?"

ಹೇಳಬೇಕಾದ ಉತ್ತರವನ್ನು ಕೆಂಡಲ್ ಮೊದಲೇ ಬಾಯಿಪಾಠ ಮಾಡಿಸಿದ್ದಳು. ವಿರಾಮ ಎಂದರೇನೆಂದು ನನಗೆ ಗೊತ್ತಿಲ್ಲ, ಗ್ರೇಡನ್.

ಪರದೆಯ ಮೇಲೆ ಹೊಂಗೂದಲಿನ ಹುಡುಗಿ ಸುಮ್ಮನೆ ಮುಗುಳ್ನಗುತ್ತ ನಿಂತಿದ್ದಳು.

"ಮೆಗನ್?"

"ಬೇಕು."

ಸಭೆ ಮತ್ತೆ ನಕ್ಕಿತು. ಪೆಲ್‌ನ ಬಾಯಿ ನಕ್ಕಿತು, ಕಣ್ಣು ನಗಲಿಲ್ಲ. "ಮೆಗನ್‌ಗೆ ಹಾಸ್ಯವೂ ಬರುತ್ತೆ, ನೋಡಿ."

"ತಮಾಸೆ ಅಲ್ಲ ಕಣಯ್ಯ. ಬೆಳಗ್ಗಿಂದ ಈ ಗೂಡ್ನಾಗೆ ತುರುಕಿದ್ದೀಯ. ಉಚ್ಚೆಗೆ ಹೋಗ್ಬೇಕು ನಾನು."

ಗುಲಾಬಿ ತುಟಿಗಳು ಅದನ್ನು ಅಕ್ಷರ ಬಿಡದೆ ಆಡಿದವು. ನೀಲಿ ಕಣ್ಣು ಮಿಟುಕಿತು. ಆಮೇಲೆ ಚಪ್ಪಾಳೆ ಶುರುವಾಯಿತು. "ಎಷ್ಟು ಸಹಜವಾಗಿದೆ," ಎಂದ ಬಂಗಾರದ ಬಿಲ್ಲೆಯವನು ಪಕ್ಕದವನಿಗೆ. "ಕೇರಿ ಮಾತೂ ಕಲಿಸಿದ್ದಾರೆ."

"ಈಗ ಗೋಗರೀತಿದ್ಲಲ್ಲ, ಅವ್ಳು ನಾನೇ," ಎಂದಳು ಜರ್ಲೀನ್. "ಈ ಮೆಗನ್ನೂ ನಾನೇ. ನಿನ್ ಹಿಂದಿನ್ ವರ್ಷಾನೂ ನಾನೇ, ಮುಂದಿನ್ ವರ್ಷಾನೂ ನಾನೇ. ಮಧ್ಯದಲ್ಲಿ ನಿನ್ ಯಂತ್ರ ಎಲ್ಲೈತೆ, ತೋರ್ಸು ನೋಡಾನ."

ಚಪ್ಪಾಳೆ ಇನ್ನೂ ಜೋರಾಯಿತು. ಏನು ಹೇಳಿದರೂ ಇವರಿಗೆ ಅದು ಸರಕೇ ಎಂದು ಅವಳಿಗೆ ತಿಳಿಯಿತು. ಬಯ್ದರೆ ಹೊಸ ಗುಣ, ಅತ್ತರೆ ಇನ್ನೊಂದು ಹೊಸ ಗುಣ.

ಕಾಲಿನಿಂದ ಬಾಗಿಲು ಒದ್ದಳು. ಹಲಗೆ ಗೋಡೆ ಅಲುಗಿತು. ಪರದೆಯನ್ನು ಬಳಸಿಕೊಂಡು ವೇದಿಕೆಗೆ ಬಂದಳು. ಬೆಳಕು ಕಣ್ಣಿಗೆ ಹೊಡೆಯಿತು. ಮಂಡಿ ಹಿಡಿದುಕೊಂಡಿದ್ದರಿಂದ ಕುಂಟುತ್ತಿದ್ದಳು. ಎದೆಯ ಮೇಲೆ ಬೂದು ಬಿಲ್ಲೆ ತೂಗುತ್ತಿತ್ತು.

"ಯಾರಾದ್ರೂ ಬನ್ನಿ," ಎಂದ ಪೆಲ್. "ಕ್ಲೀನಿಂಗಿನವರು ದಾರಿ ತಪ್ಪಿ ಬಂದಿದ್ದಾರೆ."

"ದಾರಿ ತಪ್ಪಿಲ್ಲ," ಎಂದಳು ಜರ್ಲೀನ್. ಅವಳ ತಲೆಯ ಮೇಲೆ ಎರಡಾಳೆತ್ತರದ ಬಿಳಿ ಹುಡುಗಿಯೂ ದಾರಿ ತಪ್ಪಿಲ್ಲ ಎಂದಳು.

ಆಗ ಸಭೆ ಸುಮ್ಮನಾಯಿತು.

ಜರ್ಲೀನ್ ಮೂಗು ಸ್ವಲ್ಪ ಎತ್ತಿದಳು. ಪೆಟ್ಟಿಗೆಯ ಬಟ್ಟೆ ತೊಟ್ಟಳು. "ನಮಸ್ಕಾರ. ನಾನು ಮೆಗನ್. ತಮ್ಮ ಫ್ರಿಜ್ಜಿನಿಂದ ತಮಗಾದ ತೊಂದರೆಗಾಗಿ ನಿಜಕ್ಕೂ ವಿಷಾದಿಸುತ್ತೇನೆ." ಬಟ್ಟೆ ಬಿಚ್ಚಿದಳು. "ಗೊತ್ತಾಯ್ತಾ? ಹನ್ನೊಂದು ವರ್ಸ ನಿಮ್ ಮನೆ ಕೊಳೆತ ಮಾಂಸಕ್ಕೆ ನಾನು ತಪ್ಪಾಯ್ತು ಅಂದಿದ್ದೀನಿ. ಆವತ್ತು ನನ್ನ ಬಿಡ್ಲಿಲ್ಲ. ಕುರ್ಚಿಯಾಗೇ ಆಗೋಯ್ತು. ಅದನ್ನೇ ಹಾಕ್ಕೊಂಡು ನಗಾಡ್ತಿದ್ದೀರಿ."

ಮುಂದಿನ ಸಾಲಿನ ಹೆಂಗಸು ಬಾಯಿಯಿಂದ ಕೈ ತೆಗೆದಳು.

"ಈಗ ಯಾರ್ ಅಪ್ಪಣೆನೂ ಕೇಳಲ್ಲ. ಹೋಗ್ತೀನಿ."

ವೇದಿಕೆಯಿಂದ ಇಳಿದು ಹಿಂದಿನ ಓಣಿಗೆ ನಡೆದಳು. ಮೈಕು ಕಿವಿಯಲ್ಲೇ ಇತ್ತು. ಅವಳ ಚಪ್ಪಲಿಯ ಸದ್ದು ಸ್ಪೀಕರಿನಲ್ಲಿ ಬಂತು. ಟಾಯ್ಲೆಟ್ಟಿನ ಬಾಗಿಲು ಕಿರುಗುಟ್ಟಿತು. ಚಿಲಕ ಬಿತ್ತು. ಅವಳು ಉಸ್ಸೆಂದಳು. ಪರದೆಯ ಹುಡುಗಿ ತುಟಿ ಮುಂದೆ ಚಾಚಿ ಉಸ್ಸೆಂದಳು. ಆಮೇಲೆ ಸುರಿಯುವ ಸದ್ದು. ಇಡೀ ಬೆಳಗಿನದು. ಬೇಗ ಮುಗಿಯುವಂಥದ್ದಾಗಿರಲಿಲ್ಲ. ದೊಡ್ಡ ದೊಡ್ಡ ಕಂಪನಿಗಳ ದೊಡ್ಡ ದೊಡ್ಡ ಮನುಷ್ಯರು ಕೈ ಕಟ್ಟಿ ಕೂತು ಅದನ್ನು ಪೂರ್ತಿ ಕೇಳಿದರು. ಸ್ಪೀಕರು ಬಂದ್ ಮಾಡುವ ಗುಂಡಿಯನ್ನು ಪೆಲ್ ಹುಡುಕಿದ. ಅದನ್ನು ಅದುಮುವ ಕೆಲಸದವನನ್ನು ಅವನು ಹೋದ ತಿಂಗಳು ತೆಗೆದಿದ್ದ.

ಕೆಂಡಲ್ ಓಡಿ ಬಂದು ಬಾಗಿಲು ತಟ್ಟಿದಳು. "ಮಿಸ್ ಜರ್ಲೀನ್, ಮೈಕು. ಮೈಕು ಆನ್ ಇದೆ."

"ಗೊತ್ತವ್ವ. ಗುಣಮಟ್ಟಕ್ಕಾಗಿ ರೆಕಾರ್ಡ್ ಆಗ್ಲಿ ಬಿಡು."

ಅವಳು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಯಾರೋ ಸ್ಪೀಕರಿನ ವೈರು ಕಿತ್ತಿದ್ದರು. ಓಣಿಯಲ್ಲಿ ಪೆಲ್ ನಿಂತಿದ್ದ. ಪೊಲೀಸರನ್ನು ಕರೆಸಿರುತ್ತಾನೆ ಎಂದುಕೊಂಡಿದ್ದಳು. ಅವನ ಮುಖ ಅರಳಿತ್ತು. ಆ ದಿನ ಮೊದಲ ಸಲ ಅವಳ ಕಣ್ಣು ನೋಡಿ ಮಾತಾಡಿದ.

"ಜರ್ಲೀನ್. ಜರ್ಲೀನ್ ಅಲ್ವಾ ಹೆಸರು? ಎಷ್ಟು ಚೆನ್ನಾಗಿದೆ ಹೆಸರು. ನೋಡಿ, ಮೂರು ಕಂಪನಿಯವರು ಆಗಲೇ ಬಂದು ಕೇಳಿದರು. ಯಂತ್ರದ ಹಿಂದೆ ಮನುಷ್ಯರು ಇರ್ತಾರಾ ಅಂತ. ಅವರಿಗೆ ಅದು ಬೇಕಂತೆ. ಮನುಷ್ಯ ಸ್ಪರ್ಶ. ಮುಂದಿನ ವರ್ಷಕ್ಕೆ ಅದೇ ದೊಡ್ಡದು. ಇದು ಮೊದಲೇ ಯೋಜಿಸಿದ ಪ್ರದರ್ಶನ ಅಂತ ಹೇಳಿದೀನಿ. ಮೂರು ಗಂಟೆಗೆ ಇನ್ನೊಂದು ಸಭೆ ಇದೆ. ನೀವು ಮತ್ತೆ ಹಾಗೇ ಹೊರಗೆ ಬರಬೇಕು. ಅದೇ ಮಾತು, ಅದೇ ಸಿಟ್ಟು. ಕುಂಟಿದ್ರಲ್ಲ, ಅದೂ ಇರಲಿ."

"ನನ್ ಸಿಟ್ಟಿಗೂ ಪಾಳಿ ಹಾಕ್ತೀಯಾ?"

"ಇನ್ಶೂರೆನ್ಸ್ ಇವತ್ತಿನಿಂದಲೇ. ಒಳ್ಳೆ ಡಾಕ್ಟರನ್ನ ನೋಡಬಹುದು. ನಿಮ್ಮ ಕಿಡ್ನಿ ವಿಷಯ ಹಳೇ ಫೈಲಿನಲ್ಲಿದೆ ಅಂತ ಕೆಂಡಲ್ ಹೇಳಿದಳು."

ಜರ್ಲೀನ್ ಗೋಡೆಗೆ ಒರಗಿದಳು. ಪಕ್ಕೆಯೊಳಗೆ ಯಾರೋ ತಿರುಪು ಬಿಗಿದಂತೆ ನೋಯುತ್ತಿತ್ತು. ಇವನು ಕೊಡುತ್ತೇನೆಂದದ್ದು ಅವಳಿಗೆ ಬೇಕಾಗಿದ್ದದ್ದೇ. ಸುಳ್ಳು ಹೇಳುತ್ತಿಲ್ಲ ಎಂದೂ ಅನ್ನಿಸಿತು. ಈ ಸಲ ನಿಜವಾಗಿ ಕೊಡುತ್ತಾನೆ. ದಿನಕ್ಕೆರಡು ಸಲ ಬಾಗಿಲು ಒದ್ದು ಬರುವುದು, ದಿನಕ್ಕೆರಡು ಸಲ ಕುರ್ಚಿ ಒದ್ದೆಯಾದ ಕಥೆ ಹೇಳುವುದು. ಜನ ಎದ್ದು ನಿಲ್ಲುತ್ತಾರೆ. ಮನೆಗೆ ಬಂದು ಮಾತ್ರೆ ನುಂಗಿ ಮಲಗುವುದು.

"ಒಂದು ಕೇಳ್ತೀನಿ," ಎಂದಳು. "ಆ ಕರೆ ಅಳ್ಸಾಕು. ಯಂತ್ರದಿಂದ ನನ್ ದನಿ ತೆಗ್ದಾಕು. ಆಮೇಲೆ ಮಾತಾಡಾನ."

"ಅದು ಆಗಲ್ಲ. ಟೀಗೆ ಸಕ್ಕರೆ ಹಾಕಿ ಕಲಸಿದ ಮೇಲೆ ತೆಗೆಯೋಕಾಗುತ್ತಾ? ಹಾಗೆ."

"ಹಂಗಾರೆ ಟೀ ಚೆಲ್ಲು."

ಪೆಲ್ ನಕ್ಕ. ಅವಳು ನಗಲಿಲ್ಲ. ಅವನ ನಗು ಸ್ವಲ್ಪ ಹೊತ್ತು ಒಂಟಿಯಾಗಿ ನಿಂತು ಇಳಿಯಿತು.

"ಯೋಚಿಸಿ. ನೀವು ಬರದಿದ್ರೆ ಬೇರೆ ಯಾರಾದ್ರೂ ಬರ್ತಾರೆ."

"ಬರ್ಲಿ." ಮೈಕು ಕಿತ್ತು ಅವನ ಅಂಗೈಗೆ ಹಾಕಿದಳು. ಕೊರಳ ಬಿಲ್ಲೆ ತೆಗೆದು ಅದನ್ನೂ ಅದರ ಮೇಲಿಟ್ಟಳು. ಲಾರಿಗಳ ಕಡೆ ಹೋಗದೆ ಮಳಿಗೆಗಳ ನಡುವೆ ನಡೆದು ಮುಂಬಾಗಿಲಿನಿಂದ ಹೊರಗೆ ಬಂದಳು. ದಾರಿಯುದ್ದಕ್ಕೂ ಜನ ಸರಿದು ನಿಂತರು. ಒಬ್ಬ ಮಾತ್ರ ಮೆಲ್ಲಗೆ ಅವಳ ಮೊಣಕೈ ಮುಟ್ಟಿ ನೋಡಿದ. ಮನುಷ್ಯಳೇ ಹೌದೋ ಎಂದು. ಅವಳು ಆ ಕೈಗೆ ಫಟ್ಟನೆ ಹೊಡೆದಳು.

ಮೂರು ಗಂಟೆಯ ಸಭೆಯನ್ನು ಅವಳು ಕೋಳಿ ಅಂಗಡಿಯ ಹಿಂದೆ, ಎಣ್ಣೆ ಡಬ್ಬದ ಮೇಲೆ ಕೂತು, ಟೋನೆಟ್‌ಳ ಫೋನಿನಲ್ಲಿ ನೋಡಿದಳು. ಮೇಳದವರೇ ಅದನ್ನು ಬಿತ್ತರಿಸುತ್ತಿದ್ದರು. ಪೆಲ್ ಅದೇ ಕರೆ ಕೇಳಿಸಿದ. ಈ ಸಲ ತಲೆ ಬಗ್ಗಿಸಿಕೊಂಡು ಕೇಳಿಸಿದ. ಪರದೆಯ ಹಿಂದಿನಿಂದ ಒಬ್ಬಳು ಕಪ್ಪು ಹುಡುಗಿ ಬಂದಳು. ಎತ್ತರದ ನಟಿ, ಮೂವತ್ತು ದಾಟಿರಲಿಲ್ಲ. ಚೆಂದವಾಗಿ ಕುಂಟಿದಳು. ಉಚ್ಚೆ ಎಂಬ ಮಾತನ್ನು ತೆಗೆದು ಘನತೆ ಎಂಬ ಮಾತು ಹಾಕಿದ್ದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಲವರು ಕಣ್ಣೊರೆಸಿಕೊಂಡರು.

"ನಿನಗಿಂತ ಚೆನ್ನಾಗಿ ಸಿಟ್ ಮಾಡ್ಕೋತಾಳೆ ಕಣೆ," ಎಂದಳು ಟೋನೆಟ್.

"ಹೂಂ. ವಯಸ್ಸೈತೆ."

ಟೋನೆಟ್ ಫೋನು ಮಡಿಲಿಗಿಟ್ಟುಕೊಂಡಳು. ನಗು ಹೋಗಿತ್ತು. "ಆವತ್ತು ನಾನು ಸ್ವೆಟ್ರು ಕಟ್ದೆ. ಬಾಯಿ ಬಿಡ್ಲಿಲ್ಲ. ಎದ್ದು ನಿಂತು ಆ ಡ್ವೈಟನ್ ಮುಖಕ್ಕೆ ಉಗೀಬೇಕಿತ್ತು. ಎಲ್ರೂ ಎದ್ ನಿಂತಿದ್ರೆ ಏನ್ ಮಾಡ್ತಿದ್ದ?"

ಜರ್ಲೀನ್ ರೆಕ್ಕೆಯ ಮೂಳೆ ಚೀಪಿ ಪಕ್ಕಕ್ಕಿಟ್ಟಳು. ಬಾಡಿಗೆ ಕಾರಿನವರು ಮೆಸೇಜು ಕಳಿಸಿದ್ದರು. ಹೇಳದೆ ರಜೆ ಹಾಕಿದ್ದಕ್ಕೆ ನಾಳೆಯಿಂದ ಬರಬೇಡ ಎಂದಿತ್ತು. ಅದನ್ನು ಓದಿ ಅಳಿಸಿ ಹಾಕಿದಳು.

"ಲಟ್ರೀಸ್ ನಂಬರ್ ಐತಾ ನಿನ್ ಹತ್ರ? ಆ ಮೂಲೆ ಸೀಟಿನ ವಿಲ್ಮಾದು?"

"ಎಲ್ರದ್ದೂ ಐತೆ."

"ಫೋನ್ ಮಾಡು. ನಾಳೆನೂ ಐತಲ್ಲ ಆ ಜಾತ್ರೆ."

ಮರುದಿನ ಬೆಳಗ್ಗೆ ಭವನದ ಮುಂದಿನ ಕಾಲುದಾರಿಯಲ್ಲಿ ಕಾಲ್ ಸೆಂಟರಿನ ಹೆಂಗಸರು ಸೇರಿದರು. ಟೋನೆಟ್ ಎಣ್ಣೆ ಕಲೆಯ ಏಪ್ರನ್‌ನಲ್ಲೇ ಬಂದಿದ್ದಳು. ಮುದುಕರ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದ ಲಟ್ರೀಸ್ ನೇರ ಅಲ್ಲಿಗೇ ಬಂದಿದ್ದಳು, ಕಣ್ಣು ಕೆಂಪು. ವಿಲ್ಮಾ ಕೋಲೂರಿಕೊಂಡು ಬಂದಿದ್ದಳು. ಇನ್ನೂ ಕೆಲವರು. ಬರುತ್ತೇನೆಂದು ಬಾರದವರೂ ಇದ್ದರು. ಅವರ ಬಳಿ ಬ್ಯಾನರ್ ಇರಲಿಲ್ಲ, ಧ್ವನಿವರ್ಧಕ ಇರಲಿಲ್ಲ. ಬಂಗಾರದ ಬಿಲ್ಲೆಯವರು ಬಂದಂತೆಲ್ಲ ಜರ್ಲೀನ್ ಎದುರು ನಿಂತು, ಮೆಗನ್‌ಳನ್ನು ಯಾವ ಹೆಂಗಸರ ಬಾಯಿಂದ ಕಿತ್ತು ಮಾಡಿದ್ದು ಎಂದು ಹೇಳಿದಳು. ಕೆಲವರು ಕಿವಿಗೆ ವೈರು ಸಿಕ್ಕಿಸಿಕೊಂಡು ದಾಟಿದರು. ಒಬ್ಬಿಬ್ಬರು ನಿಂತು ಕೇಳಿದರು. ಒಬ್ಬ, ಇದೂ ಮೇಳದ್ದೇ ಎಂದುಕೊಂಡು, ಮುಂದಿನ ಪ್ರದರ್ಶನ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ.

"ಶುರುವಾಗೈತೆ, ನಿಂತ್ಕೊ," ಎಂದಳು ಟೋನೆಟ್.

ನಿನ್ನೆಯ ನಟಿ ಬಂದಳು. ಜರ್ಲೀನ್‌ಳ ಮಾತು ಕೇಳಿ ಹೆಜ್ಜೆ ತಡೆಯಿತು. ದನಿಯ ಗುರುತು ಹತ್ತಿತ್ತು.

"ಅಕ್ಕಾ, ನಂಗೆ ಗೊತ್ತಿರ್ಲಿಲ್ಲ. ಬರೆದು ಕೊಟ್ಟಿದ್ದನ್ನ ಹೇಳಿದೆ."

"ನಾನೂ ಅದೇ ಮಾಡ್ಕೊಂಡು ಬಂದೋಳು ತಂಗಿ."

ಹುಡುಗಿ ಬಾಗಿಲು ನೋಡಿದಳು, ಇವರನ್ನು ನೋಡಿದಳು. ಬಾಡಿಗೆ ಕಟ್ಟಬೇಕು ಎಂದು ನೆಲ ನೋಡಿಕೊಂಡು ಹೇಳಿ ಒಳಗೆ ಹೋದಳು. ಲಟ್ರೀಸ್ ಅವಳ ಬೆನ್ನಿಗೆ ಏನೋ ಅನ್ನಲು ಹೋದಳು. ಜರ್ಲೀನ್ ಅವಳ ತೋಳು ಹಿಡಿದಳು.

ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ಪೊಲೀಸನೊಬ್ಬ ಬಂದ. ಅವಳದೇ ಬಣ್ಣದವನು, ಮಗನ ವಯಸ್ಸು. ಅವನ ಹಿಂದೆ ಗಾಜಿನೊಳಗೆ ಪೆಲ್ ಕೈ ಕಟ್ಟಿ ನಿಂತಿದ್ದ. ಪೊಲೀಸಿನವನು ಟೋಪಿ ಸರಿಪಡಿಸಿಕೊಂಡ. ಈ ಕೆಲಸ ಅವನಿಗೂ ಹಿಡಿಸಿದಂತಿರಲಿಲ್ಲ.

"ಅಮ್ಮಾ, ಇಲ್ಲಿ ನಿಂತ್ಕೋಬಹುದು, ಅದಕ್ಕೇನಿಲ್ಲ. ಆದ್ರೆ ದನಿ ಸ್ವಲ್ಪ ತಗ್ಗಿಸ್ಬೇಕು. ಒಳಗಡೆಯವರಿಗೆ ತೊಂದರೆ ಆಗ್ತಿದೆಯಂತೆ."

"ಇದು ತಗ್ಗಿಸಿದ್ದೇ ಕಣಪ್ಪ," ಎಂದಳು ಜರ್ಲೀನ್. "ಇನ್ನೂ ಎತ್ತೇ ಇಲ್ಲ."

ಆಮೇಲೆ ಎತ್ತಿದಳು.